ಬಾಳೆನಾರಿನಲ್ಲಿ ಅಳೆದ ಜೀಪು

ನಮ್ಮ ಸೋದರಮಾವ ಕನಸು ಕಾಣುವುದಕ್ಕೆ ನಿದ್ದೆ ಮಾಡುವುದಿಲ್ಲ, ಜೀಪು ಹತ್ತುತ್ತಾರೆ! ಬಸವನಗುಡಿಯಲ್ಲಿ ನೀರು ನಿಂತ ಗುಂಡಿಯೆಲ್ಲ ಅವರಿಗೆ ಹೊಳೆ, ರೋಡ್ ಹಂಪುಗಳೆಲ್ಲ ಬೆಟ್ಟದ ಸಾಲು. ನಿವೃತ್ತರಾದ ಮರುವಾರವೇ ಹಳೇ ಜೀಪೊಂದನ್ನು ತಂದು, ಹೊಸ ಸ್ಪ್ರಿಂಗ್ ಪಟ್ಟಿ ಹಾಕಿಸಿ ನಾಲ್ಕಿಂಚು ಮೇಲಕ್ಕೆತ್ತಿಸಿದರು. "ಎರಡಿಂಚು ಸಾಕು ಮಾವ" ಅಂದೆ. ಚೌಕಾಸಿಯಿಂದಲೇ ಬದುಕು ಕಟ್ಟಿಕೊಂಡವನು ನಾನು. ಮಾವನ ಹತ್ತಿರ ಅರ್ಧ ಇಂಚೂ ಇಳಿಸಲಾಗಲಿಲ್ಲ!

ಎತ್ತರವಾದದ್ದೇ ತಡ, ಜೀಪಿಗೆ ಸ್ವಂತ ಬುದ್ಧಿ ಬಂತು. ನೇರ ಹೋಗು ಅಂದರೆ ತರಕಾರಿ ಗಾಡಿಯ ಕಡೆ ವಾಲುತ್ತದೆ. ಹಂಪು ಹತ್ತಿದರೆ ಸ್ಟೇರಿಂಗು ತಾನೇ ತಿರುಗುತ್ತದೆ. ನಾವು ತಿರುಗಿಸಿದರೆ ವಾಪಸ್ ಬರುವುದೇ ಇಲ್ಲ! ಮೊದಲ ಸವಾರಿ ಎಳನೀರಿನ ರಾಶಿಗೆ ಒಂದು ಗೇಣು ದೂರದಲ್ಲಿ ಮುಗಿಯಿತು. ಅತ್ತೆ ಅಲ್ಲೇ ಇಳಿದರು.

"ಇದು ನೆಟ್ಟಗೆ ಹೋಗೋವರೆಗೂ ನಾನು ಕೂರಲ್ಲ ರೀ. ಯುಗಾದಿವರೆಗೆ ಟೈಮು. ಆಮೇಲೆ ಮಾರಿಬಿಡಿ."

"ಹೊಸ ಎತ್ತರ ಕಣೇ, ಅಭ್ಯಾಸ ಆಗ್ಬೇಕು."

"ಯಾರಿಗೆ? ಎಳನೀರಿನವನಿಗಾ?"

ಮಾವ ಜೀಪು ಕೊಂಡದ್ದೇ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟದ ಮೇಲಿನ ಮೋಡ ತೋರಿಸಲಿಕ್ಕೆ. ಈಗ ಆ ಸೀಟೇ ಖಾಲಿ! ನಾನು ಸುಮ್ಮನಿರುತ್ತೇನೆಯೇ? ಜೀಪು ಕೊಳ್ಳಲು ಗುಟ್ಟಾಗಿ ಒಬ್ಬ ಗಿರಾಕಿಯನ್ನು ನೋಡಿಟ್ಟೆ.

ಮಾವ ಮಾತ್ರ "ಚಕ್ರ ನಾನೇ ಸರಿಮಾಡ್ತೀನಿ" ಎಂದು ಪಂಚೆ ಎತ್ತಿ ಕಟ್ಟಿದರು. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಮುಂಬದಿಯಲ್ಲೂ ಹಿಂಬದಿಯಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು, ಅಷ್ಟೆ. ಮನೆಯಲ್ಲಿ ಟೇಪು ಇರಲಿಲ್ಲವೇ? ಇತ್ತು! ಆದರೆ ಟೇಪಿನಲ್ಲಿ ಅಳೆದರೆ ಅದು ಬರೀ ಕೆಲಸವಾಗುತ್ತದಂತೆ, ಸಾಹಸ ಆಗುವುದಿಲ್ಲವಂತೆ. ಗಾಂಧಿ ಬಜಾರಿನ ಹೂವಿನಾಕೆಯಿಂದ ಮಾಲೆ ಕಟ್ಟುವ ಒದ್ದೆ ಬಾಳೆನಾರು ತಂದು, ಮುಂಬದಿ ಅಳೆದು ಗಂಟು ಹಾಕಿದರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಹುಳಿ, ಮಜ್ಜಿಗೆ, ಒಂದು ತೂಕಡಿಕೆ. ನಾರು ಬಾನೆಟ್ಟಿನ ಮೇಲೆ ಬಿಸಿಲಿಗೆ ಮಲಗಿತ್ತು. ಸಂಜೆ ಎದ್ದು ಅದೇ ನಾರಿನಿಂದ ಹಿಂಬದಿ ಅಳೆದು, ಅದಕ್ಕೆ ತಕ್ಕಂತೆ ಎರಡು ಚಕ್ರಗಳನ್ನು ಜೋಡಿಸುವ ರಾಡು ತಿರುಗಿಸಿದರು. ಚಕ್ರಗಳು ಜಗಳವಾಡಿದ ಓರಗಿತ್ತಿಯರಂತೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ನಿಂತವು!

"ನಾರು ಒಣಗಿ ಕುಗ್ಗಿದೆ ಮಾವ!"

"ಇಲ್ಲಪ್ಪ, ಬಿಸಿಲಿಗೆ ಜೀಪು ಅಗಲ ಆಗಿದೆ."

ಕೊನೆಗೆ ಜೀಪನ್ನು ಕಲಾಸಿಪಾಳ್ಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಎಳೆದುಕೊಂಡು ಹೋದೆ. ಅವರು ಕೆಳಗೆ ನುಸುಳಿ ನೋಡಿ, "ಸಾರ್, ಬಾಡಿ ಮೇಲೆ ಹೋಗಿದೆ, ಸ್ಟೇರಿಂಗ್ ರಾಡು ಓರೆಯಾಗಿ ನೇತಾಡ್ತಿದೆ. ಹಂಪು ಬಂದಾಗೆಲ್ಲ ಅದೇ ಚಕ್ರ ಎಳೀತದೆ" ಅಂದರು. ರಾಡು ಹಿಡಿಯುವ ತೋಳನ್ನು ತೆಗೆದು ಉದ್ದದ್ದು ಹಾಕಿ, ತಿರುಗಿಸಿದ ಸ್ಟೇರಿಂಗು ತಾನೇ ವಾಪಸ್ ಬರಲೆಂದು ಸ್ಪ್ರಿಂಗ್ ಪಟ್ಟಿಗೂ ಆಕ್ಸಲಿಗೂ ನಡುವೆ ಬೆಣೆ ಕೊಟ್ಟು, ಚಕ್ರ ನೇರ ಮಾಡಿದರು. ನನ್ನ ಸಲಹೆ ಬರೆದಿಟ್ಟುಕೊಳ್ಳಿ: ಗಾಡಿ ಎತ್ತಿಸುವ ಮೊದಲೇ ಸ್ಟೇರಿಂಗಿನ ಖರ್ಚನ್ನೂ ಸೇರಿಸಿ ಮಾತಾಡಿ. ಎತ್ತಿದ ಮೇಲೆ ಚೌಕಾಸಿ ನಡೆಯುವುದಿಲ್ಲ!

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಅತ್ತೆ ಸ್ಟೂಲು ಹತ್ತಿ, ಮಾವನ ಕೈಹಿಡಿದು, ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಾನು. ಹೊಂಗೆ ಹೂಬಿಟ್ಟಿತ್ತು. ಜೀಪು ಆ ನೆರಳಿನಲ್ಲಿ ದೋಣಿಯ ಹಾಗೆ ತೇಲಿತು. ಮಾವ ತಿರುವು ದಾಟಿ ಕೈ ಸಡಿಲ ಬಿಟ್ಟರು. ಸ್ಟೇರಿಂಗು ಉಸಿರುಬಿಟ್ಟಷ್ಟು ಮೆತ್ತಗೆ ತಾನೇ ನೇರವಾಯಿತು. ಅತ್ತೆ ಅದನ್ನೇ ನೋಡುತ್ತಿದ್ದರು. ಜೇಬಿನಲ್ಲಿ ನನ್ನ ಫೋನು ನಡುಗಿತು, ಗಿರಾಕಿಯ ಕರೆ. ಕಟ್ ಮಾಡಿದೆ.

ಅತ್ತೆ ಮೈಮೇಲೆ ಉದುರಿದ ಹೂವನ್ನು ಕೊಡವಲಿಲ್ಲ.

"ರೀ, ಬೆಟ್ಟಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು? ಮೋಡ ಕರಗೋದ್ರೊಳಗೆ ಹೋಗ್ಬೇಕಲ್ವಾ?"

ರಸ್ತೆ ಪೂರ್ತಿ ಖಾಲಿಯಿತ್ತು. ಆದರೂ ಮಾವ ಸುಮ್ಮನೆ ಒಮ್ಮೆ ಹಾರ್ನ್ ಒತ್ತಿದರು.