ಮಾವ ಹುಡುಕಿದ ಅಮೆರಿಕದ ಹೆಸರು

ನನ್ನ ಸೋದರಮಾವ ಅಮೆರಿಕ ನೋಡಿದವನಲ್ಲ. ಆದರೆ ಅಲ್ಲಿನ ಗಂಡುಹುಡುಗರ ಹೆಸರುಗಳ ವಿಷಯದಲ್ಲಿ ವಿಲೆ ಪಾರ್ಲೆಯಿಂದ ಮಲಾಡ್‌ವರೆಗೆ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ. ಬೇರೆ ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ ಬಿಡಿ!

ಐವತ್ತರ ದಶಕದ ಮಾತು. ಮಾವ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಮ್ಯಾನೇಜರ್. ಪಾರ್ಲೆಯ ಚಾಳಿನ ಒಂದು ಕೋಣೆಯಲ್ಲಿ ಅವನು, ಅಜ್ಜಿ, ಕಾಲೇಜಿಗೆಂದು ಊರಿನಿಂದ ಬಂದ ನಾನು. ಆ ವರ್ಷ ಚಿಕ್ಕಮ್ಮ ಹೆರಿಗೆಗೆ ಬಂದಳು. ಅವಳ ಮೊದಲ ಎರಡು ಗಂಡುಮಕ್ಕಳೂ ವರ್ಷ ತುಂಬುವ ಮೊದಲೇ ತೀರಿಹೋಗಿದ್ದವು. ನಮ್ಮ ಮನೆಯಲ್ಲಿ ತಂಗಿಯ ಮಗುವಿನ ಕಿವಿಯಲ್ಲಿ ಹೆಸರು ಹೇಳುವವನು ಸೋದರಮಾವ. ಚಿಕ್ಕಮ್ಮ ಬಂದ ದಿನದಿಂದ ಮಾವ ಕೂತಲ್ಲಿ ಕೂರಲಿಲ್ಲ. ಚಹಾ ನಿಂತೇ ಕುಡಿಯುತ್ತಿದ್ದ, ಲೋಕಲ್ ರೈಲು ಖಾಲಿ ಇದ್ದರೂ ಬಾಗಿಲಲ್ಲೇ ನಿಲ್ಲುತ್ತಿದ್ದ, ಊಟದ ಮಧ್ಯೆ ಎದ್ದು ಕೋಣೆಯ ಹೊರಗಿನ ಗ್ಯಾಲರಿಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದ.

ಕ್ಯಾಂಟೀನಿಗೆ ಬಂದ ಅಮೆರಿಕದವರನ್ನೆಲ್ಲ ತಡೆದು, ಹೆಸರೇನು, ಅದು ಎಲ್ಲಿಂದ ಬಂತು, ಇನ್ನೆಷ್ಟು ಜನಕ್ಕಿದೆ ಎಂದು ವಿಚಾರಣೆ. ಪಾಪ, ಅವರು ಕಾಫಿ ಕುಡಿಯಲು ಬಂದವರು! ಒಂದು ವಾರ ಮನೆಯಲ್ಲಿ ಡೆನಿಸ್ ಡೆನಿಸ್ ಎಂದು ಜಪ ನಡೆಯಿತು. ಮುಂದಿನ ವಾರ ಡೆನಿಸ್ ರದ್ದು.

"ಯಾಕೆ ಮಾವ?" ಎಂದೆ.

"ಇವತ್ತು ಒಬ್ಬ ಡೆನಿಸ್ ಬಂದಿದ್ದ. ಬಿಡದೆ ಕೆಮ್ಮುತ್ತಿದ್ದ ಮಾರಾಯ."

ವಾಲ್ಟರ್‌ನ ಗತಿಯೂ ಅದೇ ಆಯಿತು. ಆ ಹೆಸರಿನವನು ಕೋಲೂರಿಕೊಂಡು ವಿಮಾನ ಇಳಿದನಂತೆ.

ಒಂದು ಸಂಜೆ ಮಾವ ಚಪ್ಪಲಿ ಬಿಚ್ಚದೆ ಒಳಗೆ ನುಗ್ಗಿ, "ಗ್ಯಾರಿ" ಎಂದು ಘೋಷಿಸಿದ.

"ಹಾಗಂದ್ರೆ ಎಂತದು?" ಎಂದಳು ಅಜ್ಜಿ. ಗಂಡಾದರೆ ತೀರಿಹೋದ ತನ್ನ ಅಣ್ಣನ ಹೆಸರೇ ಆಗಬೇಕೆಂದು ಅವಳ ಹಟ.

"ಮೊದಲು ಅದು ಯಾರದ್ದೋ ಮನೆತನದ ಹೆಸರಂತೆ ಅಮ್ಮ. ಮತ್ತೆ ಒಂದು ಊರಿಗೆ ಇಟ್ಟರಂತೆ. ಊರಿನ ಹೆಸರನ್ನು ಸಿನಿಮಾದವನೊಬ್ಬ ಇಟ್ಟುಕೊಂಡನಂತೆ. ಈಗ ಅಲ್ಲಿ ಬೀದಿಗೆ ನಾಲ್ಕು ಗ್ಯಾರಿಗಳು ಉಂಟಂತೆ."

"ಊರಿನ ಹೆಸರೇ ಬೇಕಾದ್ರೆ ಕಾರ್ಕಳ ಅಂತ ಇಡು. ನಮ್ಮ ಊರಿಗೆ ಹತ್ತಿರವಾದ್ರೂ ಆಗ್ತದೆ."

ಚಾಳೆಲ್ಲ ಒಂದು ವಾರ ನಕ್ಕಿತು. ಮಾವ ಮಾತ್ರ ಜಗ್ಗಲಿಲ್ಲ.

ಗಂಡುಮಗುವೇ ಹುಟ್ಟಿತು. ಹೆಸರಿಡುವ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ತೊಟ್ಟಿಲಿಗೆ ಬಗ್ಗುವಾಗ ಅಜ್ಜಿ ಮೆಲ್ಲಗೆ, "ನನ್ನ ಅಣ್ಣನ ಹೆಸರು ಹೇಳು. ನಿನ್ನ ಹುಚ್ಚಾಟಕ್ಕೆ ಜನ ನಗ್ತಾರೆ" ಎಂದಳು.

ಮಾವ ಬಾಯಿ ತೆರೆದ. ಮಗುವಿನ ಕಿವಿಯ ಬಳಿ ಹಾಗೇ ಬಗ್ಗಿ ನಿಂತಿದ್ದವನು ತಿರುಗಿ ಅಜ್ಜಿಯ ಮುಖ ನೋಡಿದ.

"ಮೊದಲಿನ ಎರಡಕ್ಕೂ ನಾನೇ ಅಲ್ವಾ ಅಮ್ಮ ಹೆಸರು ಹೇಳಿದ್ದು? ಒಂದಕ್ಕೆ ದೇವರದ್ದು, ಒಂದಕ್ಕೆ ಅಪ್ಪನದ್ದು. ಎರಡೂ ಉಳೀಲಿಲ್ಲ. ಗ್ಯಾರಿ ಅಂತ ಹೆಸರು ಹೇಳಿದ ಆ ಅಮೆರಿಕದ ಸಾಹೇಬನ ಹತ್ರ ಕೇಳಿದೆ, ನಿಮ್ಮ ಊರಿನ ಗ್ಯಾರಿಗಳೆಲ್ಲ ಬದುಕಿದ್ದಾರಾ ಅಂತ. ಅವ ನಕ್ಕ. ಎಲ್ಲ ಆರಡಿ ಬೆಳೆದಿದ್ದಾರೆ ಅಂದ."

ಯಾರೂ ನಗಲಿಲ್ಲ. ಚಿಕ್ಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನನಗೂ ಕಣ್ಣೀರು ತಡೆಯಲಾಗಲಿಲ್ಲ. ಮಾವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ಅಜ್ಜಿ ತೊಟ್ಟಿಲ ಇನ್ನೊಂದು ಬದಿಗೆ ಬಂದು, ಮಗುವಿನ ಕಿವಿಗೆ ಬಗ್ಗಿ, ತನ್ನ ನಾಲಿಗೆ ತಿರುಗಿದ ಹಾಗೆ "ಗ್ಯಾರಿ" ಎಂದಳು. ಆಮೇಲೆ ಮಾವನ ಬೆನ್ನ ಮೇಲೆ ಕೈಯಿಟ್ಟಳು.

"ನೀನೂ ಹೇಳು ಮಗಾ. ಗಟ್ಟಿ ಹೇಳು."