ಕಿಟಕಿಯಾಚೆಯ ಶ್ರೀಗಣೇಶ

ನನಗೆ ಬಾಗಿಲಿಗಿಂತ ಕಿಟಕಿಯ ಮೇಲೆ ಭಯಭಕ್ತಿ ಹೆಚ್ಚು. ಬಾಗಿಲಾದರೆ ತಳ್ಳಿಕೊಂಡು ಒಳಗೆ ಹೋಗಿ ಬೇಕಾದ್ದನ್ನು ನಾವೇ ಹುಡುಕಿಕೊಳ್ಳಬಹುದು. ಕಿಟಕಿ ಹಾಗಲ್ಲ. ಪೋಸ್ಟಾಫೀಸಿರಲಿ, ರೈಲ್ವೆ ಸ್ಟೇಷನ್ನಿರಲಿ, ತಲೆ ಬಗ್ಗಿಸಿ ಕೇಳಬೇಕು, ಒಳಗಿನವರು ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು. ನಮ್ಮ ಅಡುಗೆಮನೆಯೂ ಇದೇ ಪೈಕಿ. ಸಕ್ಕರೆ ಡಬ್ಬಿ ಹುಡುಕಲು ಹೊರಟರೆ ನನ್ನ ಹೆಂಡತಿ, "ಅಲ್ಲೇ ನಿಂತು ಕೇಳಿ, ಕೊಡ್ತೀನಿ. ನೀವು ಒಳಗೆ ಬಂದ್ರೆ ಇರೋದೂ ಸಿಗಲ್ಲ" ಎನ್ನುತ್ತಾಳೆ. ಅನುಭವದ ಮಾತು, ನಾನು ವಾದ ಮಾಡುವುದಿಲ್ಲ.

ಎಂಬತ್ತರ ದಶಕದ ಕೊನೆಗೆ ಸಾಗರದ ನಮ್ಮ ಸಹಕಾರ ಸಂಘಕ್ಕೆ ಕಂಪ್ಯೂಟರ್ ಬಂತು. ವರ್ಷಕ್ಕೊಮ್ಮೆ ಅಧ್ಯಕ್ಷರು ಮಹಾಸಭೆಯಲ್ಲಿ ಓದುವ ವರದಿಯನ್ನು ಬರೆದುಕೊಡುವ ಗುಮಾಸ್ತ ನಾನು. ಕಂಪ್ಯೂಟರಿಗೆಂದೇ ಗಾಜಿನ ಕೋಣೆ ಕಟ್ಟಿಸಿದರು. ಒಳಗೆ ತಣ್ಣನೆಯ ಗಾಳಿ, ಹೊರಗೆ ನೋಡಲು ಬಂದವರು ಭಕ್ತಿಯಿಂದ ಬಿಟ್ಟ ಚಪ್ಪಲಿಗಳ ಸಾಲು. ಗಾಜಿನಲ್ಲಿ ಕೈ ತೂರುವಷ್ಟು ಒಂದು ಕಿಟಕಿ. ಒಳಗಿದ್ದವಳು ತೀರ್ಥಹಳ್ಳಿಯ ಶಾಲಿನಿ ಒಬ್ಬಳೇ, ಆಗಷ್ಟೇ ತರಬೇತಿ ಮುಗಿಸಿ ಬಂದ ಹುಡುಗಿ. ಮೊದಲ ದಿನವೇ ನಾನು ಕೇಳಿದೆ: "ನಾನೇ ಒಳಗೆ ಬಂದು ನೋಡ್ಲೇನಮ್ಮಾ?"

"ಬ್ಯಾಡ ಸಾರ್, ಧೂಳಾಗುತ್ತೆ. ಯಾವ ಡೈರೆಕ್ಟರಿ ಅಂತ ಅಲ್ಲಿಂದ್ಲೇ ಹೇಳಿ, ಅದೊಂದೇ ತೆಗೀತೀನಿ. ಉಳಿದಿದ್ದಕ್ಕೆಲ್ಲ ಮ್ಯಾನೇಜರ್ ಸಾಹೇಬ್ರು ಹೂಂ ಅನ್ಬೇಕು."

ಡೈರೆಕ್ಟರಿ ಎಂದರೆ ಫೈಲುಗಳನ್ನಿಡುವ ಕಪಾಟು ಎಂದು ಅವಳೇ ತಿಳಿಸಿ, ಏನೋ ಕುಟ್ಟಿದಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಹೆಸರುಗಳು ಸಾಲಾಗಿ ಎದ್ದು ಬಂದವು. ಒಂದು ಕಪಾಟು ತೆಗೆದರೆ ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು! ಯಾರೂ ಏಣಿ ಹತ್ತಲಿಲ್ಲ, ಒಂದು ಜಿರಲೆಯೂ ಹಾರಲಿಲ್ಲ. ನನ್ನ ಮೈ ಜುಮ್ಮೆಂದಿತು. ಇಡೀ ಆಯುಷ್ಯವನ್ನು ರೆಕಾರ್ಡು ರೂಮಿನ ಗೆದ್ದಲಿನೊಂದಿಗೆ ಕಳೆದವನಿಗೆ ಇದು ವಿಶ್ವರೂಪವೇ ಸರಿ. ತಿಳಿಯದೆ ಕೈ ಮುಗಿದೆ. ಶಾಲಿನಿ ನಗಲಿಲ್ಲ, ಒಳ್ಳೆಯ ಹುಡುಗಿ.

ನಮ್ಮ ಅಧ್ಯಕ್ಷರಿಗೆ ಭಕ್ತಿ ನನಗಿಂತ ಒಂದು ಕೈ ಹೆಚ್ಚು. ನಮ್ಮ ಕಡೆ ದೋಬಿ ಲೆಕ್ಕದ ಚೀಟಿಯ ನೆತ್ತಿಯ ಮೇಲೂ ಶ್ರೀಕಾರ ಇರಲೇಬೇಕು. "ಗಣಪತಿ ಹೆಸ್ರಿಲ್ದೆ ಒಂದು ಫೈಲೂ ಒಳಗೆ ಹೋಗ್ಬಾರ್ದು" ಎಂದು ಅವರು ಅಪ್ಪಣೆ ಮಾಡಿದರು. ಶಾಲಿನಿ ಪಾಪ, ಪ್ರತಿ ಫೈಲಿಗೂ ಹೆಸರಿಡುವಾಗ ಮೊದಲು 'ಶ್ರೀಗಣೇಶಾಯ ನಮಃ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ, ಆಮೇಲೆ ಅದರ ಹೆಸರು ಸೇರಿಸುತ್ತಿದ್ದಳು. ನನ್ನ ವರದಿಯೂ ಹಾಗೇ ಒಳಗೆ ಹೋಯಿತು. ಇನ್ನು ಕಾಗದದ ಹಂಗೇಕೆ ಎಂದು ನಾನು ಕೈಬರಹದ ಪ್ರತಿಯನ್ನು ಬಚ್ಚಲ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯಿತು.

ಮಹಾಸಭೆಯ ಬೆಳಿಗ್ಗೆ ಕಿಟಕಿಗೆ ಹೋಗಿ, "ವರದಿ ಕೊಡಮ್ಮಾ" ಎಂದೆ. ಶಾಲಿನಿ ಕಪಾಟು ತೆಗೆದಳು. ನಮ್ಮ ಕಚೇರಿಯ ಅಷ್ಟೂ ಜನರ ಫೈಲುಗಳಿರಬೇಕಾದ ಕಡೆ ಒಂದೇ ಒಂದು ಹೆಸರಿತ್ತು: ಶ್ರೀಗಣೆ.

ಅವಳ ಮುಖ ಬಿಳುಚಿತು. "ಸಾರ್, ಇದು ಹೆಸ್ರಲ್ಲಿ ಇಂಗ್ಲಿಷಿನ ಎಂಟೇ ಅಕ್ಷರ ಇಟ್ಕೊಳ್ಳೋದು. ಉಳಿದಿದ್ದು ತಾನೇ ಕತ್ತರಿಸಿದೆ. ಎಲ್ರದ್ದೂ ಒಂದೇ ಹೆಸ್ರಾಗಿ, ಹಳೇದ್ರ ಮೇಲೆ ಹೊಸದು ಕೂತಿದೆ."

ಬಚ್ಚಲ ಒಲೆಗೆ ಹಾಕಿದ ಪ್ರತಿ ನೆನಪಾಯಿತು. ಆದರೂ ಸುಳ್ಳೇಕೆ ಹೇಳಲಿ, ಆ ಗಾಬರಿಯಲ್ಲೂ ಬೆರಗಾಯಿತು. ಸಕಲ ನಾಮಗಳೂ ಒಬ್ಬನಲ್ಲೇ ಲೀನವಾಗುತ್ತವೆಂದು ಹರಿಕಥೆಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಕೊನೆಗೆ ಉಳಿದಿದ್ದ ಫೈಲು ಊಟದ ಉಸ್ತುವಾರಿ ಹೊತ್ತಿದ್ದ ಹೊಸನಗರದ ಮಂಜಪ್ಪನದು, ಅಂದರೆ ಸಭೆಯ ಊಟದ ಪಟ್ಟಿ. ಶಾಲಿನಿ ಅದನ್ನೇ ಅಚ್ಚು ಹಾಕಿ ಕಿಟಕಿಯಿಂದ ಕೊಟ್ಟಳು.

"ನಾನೀಗ ಎಂತ ಓದ್ಲಿ ಮಾರಾಯಾ?" ಎಂದು ಅಧ್ಯಕ್ಷರು ನನ್ನನ್ನು ದುರುಗುಟ್ಟಿ ನೋಡಿದರು. ನನ್ನ ನೌಕರಿಯೇ ಕಣ್ಣೆದುರು ತೂಗಾಡಿತು. ಸಭೆಯಲ್ಲಿ ಅವರ ಕುರ್ಚಿಯ ಹಿಂದೆ ನಿಂತು ನೆನಪಾದಷ್ಟನ್ನು ಪಿಸುಗುಟ್ಟಿದೆ. ಅವರು ಅದನ್ನೇ ಗಟ್ಟಿಯಾಗಿ ಹೇಳುತ್ತಾ ಹೋದರು. ನನ್ನ ಸರಕು ಮುಗಿದಾಗ, ಕೈಯಲ್ಲಿ ಬೇರೇನೂ ಇಲ್ಲದೆ, ಊಟದ ಪಟ್ಟಿಯನ್ನೇ ಓದಿಬಿಟ್ಟರು. ಅಪ್ಪೆಹುಳಿ, ಪತ್ರೊಡೆ, ತೊಡೆದೇವು ಎನ್ನುತ್ತಿದ್ದಂತೆ ಚಪ್ಪಾಳೆ ಬಿತ್ತು. ನಿಟ್ಟೂರಿನ ಹಿರಿಯ ಸದಸ್ಯರೊಬ್ಬರು ಎದ್ದು, "ಇಷ್ಟು ವರ್ಷದಲ್ಲಿ ಅರ್ಥ ಆದ ವರದಿ ಇದೊಂದೇ" ಎಂದರು. ವರದಿ ಸರ್ವಾನುಮತದಿಂದ ಅಂಗೀಕಾರವಾಯಿತು. ಹತ್ತಾರು ವರ್ಷ ಬೆವರು ಸುರಿಸಿ ವರದಿ ಬರೆದ ನನಗೆ ಆ ಹಿರಿಯರ ಮಾತು ಇವತ್ತಿಗೂ ಚುಚ್ಚುತ್ತದೆ.

ಮರುದಿನ ಮತ್ತೆ ಕಿಟಕಿಗೆ ಹೋದೆ. ಇನ್ನು ಮುಂದೆ ನನ್ನ ಫೈಲು ಯಾರದರೊಂದಿಗೂ ಬೆರೆಯಬಾರದು. ಅದಕ್ಕೆ ಮನೆಯಲ್ಲೇ ಕೂತು, ತಲೆ ಓಡಿಸಿ, ಬೇರೊಂದು ಹೆಸರು ಹುಡುಕಿದ್ದೆ. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಹೇಳಿದೆ: "ಶಾಲಿನಿ, ಗಣಪತಿ ಬೇಡಮ್ಮಾ. ಶ್ರೀಗುರುಭ್ಯೋ ನಮಃ ಅಂತ ಹಾಕು. ಯಾರಿಗೂ ಹೇಳ್ಬೇಡ."

ಅವಳು ತಲೆ ಎತ್ತಿ ನನ್ನನ್ನು ಕರುಣೆಯಿಂದ ನೋಡಿದಳು.

"ಸಾರ್, ಬೆಳಿಗ್ಗೆಯಿಂದ ಬಂದೋರೆಲ್ಲ ಗುಟ್ಟಾಗಿ ಅದನ್ನೇ ಹೇಳಿ ಹೋಗಿದಾರೆ."