ಚಿತ್ತಣ್ಣನ ಕಿವಿ, ಗಂಗಾಳ ಪ್ಲೇಟು

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಕೊಬ್ಬರಿಯಾಗಿದೆಯೋ ಇನ್ನೂ ನೀರಿದೆಯೋ ಹೇಳುವುದರಲ್ಲಿ ತುರುವೇಕೆರೆಯ ಚಿತ್ತಣ್ಣನಿಗೆ ಸಾಟಿಯಿರಲಿಲ್ಲ. ಅವನು ಹೂಂ ಎನ್ನದೆ ಯಾರೂ ಅಟ್ಟದಿಂದ ಕಾಯಿ ಇಳಿಸುತ್ತಿರಲಿಲ್ಲ. ಅವನ ಹೊಟ್ಟೆಪಾಡೂ ಅದೇ. ಇಂಥ ಕಿವಿ ಬರೀ ಕಾಯಿಗೆ ಯಾಕೆ ಎಂದು ವಾರಪತ್ರಿಕೆಯ ಸಂಪಾದಕ ಬೆಟ್ಟಸ್ವಾಮಿ ಅವನನ್ನು ಸಂಗೀತ ವಿಮರ್ಶಕನನ್ನಾಗಿ ಮಾಡಿದ್ದೇ ಅನಾಹುತಕ್ಕೆ ಮೂಲ.

ಕೆಂಕೆರೆಯ ಪುಟ್ಟಗಂಗಮ್ಮ ಬೆಂಗಳೂರಿಗೆ ಹೋಗಿ, ಗಂಗಾ ಆಗಿ, ಡಿಸ್ಕೋ ಹಾಡಿ ಹೆಸರು ಮಾಡುತ್ತಿದ್ದ ಎಂಬತ್ಮೂರನೇ ಇಸವಿ ಅದು. ಅವಳ ಹೊಸ ಎಲೆಕ್ಟ್ರಾನಿಕ್ ಹಾಡಿನ ಚಿಕ್ಕ ಗ್ರಾಮಫೋನ್ ಪ್ಲೇಟನ್ನು ಈರಣ್ಣನ ಹೋಟೆಲಿನಲ್ಲಿ ಹಾಕಿಸಿ ಕೇಳಿದ ಚಿತ್ತಣ್ಣ ಬರೆದ: ‘ಇದು ಹೆಣ್ಣಿನ ದನಿಯೇ ಅಲ್ಲ. ಕೆಸರಿನಿಂದ ಏಳುವ ಕೋಣದ ದನಿ. ಒಳಗೆ ನೀರು ಆರಿಲ್ಲ. ಇನ್ನೊಂದು ವರ್ಷ ಅಟ್ಟದ ಮೇಲಿರಲಿ.’

ಪತ್ರಿಕೆ ಬಂದ ಬೆಳಿಗ್ಗೆಯೇ ಪಕ್ಕದ ಮನೆಯ ರಂಗಕ್ಕ ಜಗಲಿ ಹತ್ತಿದಳು. “ರೇಡಿಯೋದಲ್ಲಿ ಕೋಗಿಲೆ ಹಂಗೆ ಹಾಡ್ತಾಳೆ ಕಣ್ಲಾ ಆ ಮಗು! ಕೋಣ ಅಂತ ಬರ್ದಿದೀಯಲ್ಲ!”

ದಂಗಾದ ಚಿತ್ತಣ್ಣ ಹೋಟೆಲಿಗೆ ಓಡಿದ. ಈರಣ್ಣ ಮಿಷಿನ್ನಿನ ಗುಂಡಿ ನೋಡಿ ಹಣೆ ಚಚ್ಚಿಕೊಂಡ.

“ಅಯ್ಯೋ, ದೊಡ್ಡ ಪ್ಲೇಟಿನ ಸ್ಪೀಡಲ್ಲೇ ಓಡ್ಸಿದೀವಿ ಕಣಪ್ಪ! ಚಿಕ್ಕದು ಜೋರಾಗಿ ತಿರುಗ್ಬೇಕು, ನಿಧಾನ ಆದ್ರೆ ದನಿ ದಪ್ಪ ಆಗ್ತದೆ!”

ಸರಿಯಾಗಿ ಹಾಕಿದರೆ ಕೋಗಿಲೆಯೇ! ಕಾಫಿ ಕುಡಿಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನದೊಳಗೆ ಮೂರು ಮನೆಯವರು, ಕಾಯಿ ನೋಡಲು ಬರುವುದು ಬೇಡವೆಂದು ಹೇಳಿ ಕಳಿಸಿದರು. ರಂಗಕ್ಕ ಎದುರಿಗೇ ಅಂದಳು. “ಗಂಡು ಹೆಣ್ಣು ತಿಳೀದ ಕಿವಿಗೆ ನಮ್ಮ ಕಾಯಿ ಏನ್ ತಿಳಿದಾತು, ಬುಡು.”

ಮೂರು ಗಂಟೆಗೆ ಮನೆ ಮುಂದೆ ಕಾರು ನಿಂತಿತು. ಊರಿಗೆ ಬಂದಿದ್ದ ಗಂಗಾಳೇ ಇಳಿದಳು, ಕೈಯಲ್ಲಿ ಪತ್ರಿಕೆ. ತಮಾಷೆ ನೋಡಲು ಬೀದಿಯೇ ನೆರೆಯಿತು. ಕಾಲಿಗೆ ಬೀಳಲು ಬಗ್ಗಿದ ಚಿತ್ತಣ್ಣನನ್ನು ಅವಳು ಒಳಗೆ ಕರೆದು ಬಾಗಿಲು ಹಾಕಿದಳು.

“ನಿಮಗೆ ಹೆಂಗೆ ಗೊತ್ತಾಯ್ತಣ್ಣ?” ಅವಳು ದನಿ ತಗ್ಗಿಸಿ ಕೇಳಿದಳು. “ರೆಕಾರ್ಡಿಂಗ್ ದಿನ ನನ್ನ ಗಂಟಲು ಕಟ್ಟಿತ್ತು. ಕೀಬೋರ್ಡಿನ ಮೇಷ್ಟ್ರೇ ಹಾಡಿ, ಟೇಪನ್ನ ಜೋರಾಗಿ ಓಡ್ಸಿ ಹೆಣ್ಣು ದನಿ ಮಾಡಿದ್ರು. ಬೆಂಗ್ಳೂರಲ್ಲಿ ಒಬ್ರಿಗೂ ತಿಳೀಲಿಲ್ಲ!”

ಚಿತ್ತಣ್ಣ ಬಾಗಿಲಿನತ್ತ ತಿರುಗಿದ. ತಾನು ಬರೆದದ್ದು ಅಕ್ಷರಶಃ ನಿಜ! ಬಾಗಿಲು ತೆಗೆದು ಕೂಗಬೇಕೆನ್ನುವಷ್ಟರಲ್ಲಿ ಗಂಗಾ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು.

“ಯಾರಿಗೂ ಹೇಳಲ್ಲ ಅಂತ ಆಣೆ ಮಾಡಣ್ಣ. ಗೊತ್ತಾದ್ರೆ ನನ್ನ ಬಾಳು ಮುಗೀತು.”

ಅವಳ ಅಳು ನೋಡಲಾರದೆ ಪಾಪ, ಆಣೆ ಮಾಡಿಬಿಟ್ಟ.

ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ರಂಗಕ್ಕ. “ಏನಂದ್ಳಲಾ?”

“ಕೋಗಿಲೆ ಕಣಕ್ಕ,” ಎಂದ ಚಿತ್ತಣ್ಣ. “ನನ್ನ ಕಿವೀನೇ ಸರಿಯಿಲ್ಲ.”

“ಬೆಳಿಗ್ಗೆಯಿಂದ ನಾನ್ ಹೇಳ್ತಿರೋದೂ ಅದೇ,” ಎಂದು ರಂಗಕ್ಕ, ಕಾಯಿ ನೋಡಲು ಬೇರೆಯವರನ್ನು ಕರೆಯಲು ಹೊರಟಳು.